ರಾಕೇಶನಿಗೆ ಕೊಟ್ಟ ಏಟು

...ಊಟಕ್ಕೆ ಕೂತಾಗಲೂ ನಗು ಬರ್ತಿಲ್ವೇನೋ ಆದಿಲ್? ಈ ಕಾಪೆಲ್ಲೆ ಊರಿನ ಇಡೀ ಆಫೀಸು ನಕ್ಕಿತಲ್ಲೋ ಬೆಳಿಗ್ಗೆ! ನಾರ್ವೆಯಿಂದ ಬಂದ ಬಸ್ ಕಂಪನಿಯವರು ಕುರ್ಚಿಯಿಂದ ಬೀಳೋದೊಂದು ಬಾಕಿ. ನಮ್ಮ ಮ್ಯಾನೇಜರ್ ರಾಕೇಶ ಕೋಟು ಸರಿಮಾಡ್ಕೊಂಡು ಗುಂಡಿ ಒತ್ತಿದ. ನಿಲ್ದಾಣದ ಹೆಸರು ಕೂಗೋ ಯಂತ್ರ ಬಾಯಿ ಬಿಟ್ಟಿತು... 'ಬಾರ್... ನೆಹಾಗೇ!' ಆಹಾ! ಅವನ ಮುಖ, ಹುಣಿಸೆಹಣ್ಣು ಕಿವುಚಿದಂಗೆ!

ಅವರ ಭಾಷೇಲಿ 'ಬಾರ್ನೆ' ಅಂದರೆ ಮಕ್ಕಳು, 'ಹಾಗೆ' ಅಂದರೆ ತೋಟ. ಕೂಡಿದರೆ ಶಿಶುವಿಹಾರ. ಒಡೆಯೋದು ಬೆಸುಗೆ ಇರೋ ಜಾಗದಲ್ಲೇ, ಜೋರು ಏಟು ಮೊದಲ ಪದದ ತಲೆ ಮೇಲೆ. ನಾರ್ವೆ ಕಣ್ಣಲ್ಲಿ ಕಂಡವನಲ್ಲ ನಾನು, ಆದರೂ ಕೇಳಿದ ಕೂಡಲೇ ಹಿಡಿದೆ. ಯಾರ ಮೊಮ್ಮಗ? ಡೊಳ್ಳಿನ ತಿಮ್ಮಯ್ಯನ ಮೊಮ್ಮಗ! ಏಟು ಎಲ್ಲಿ ಬೀಳಬೇಕು ಅಂತ ಈ ಕೈಗೆ ಹುಟ್ಟಾ ಗೊತ್ತು.

ಅಂಥ ನನ್ನ ಇಂಗ್ಲಿಷನ್ನ ರಾಕೇಶ ಮೀಟಿಂಗಲ್ಲಿ ಎಲ್ಲರ ಮುಂದೆ ಅಣಕಿಸಿದನಲ್ಲ! 'ಇವನ ಬಾಯಲ್ಲಿ ಇನ್ನೂ ಸಗಣಿ ವಾಸನೆ' ಅಂದನಲ್ಲ! ನೀನೊಬ್ಬನೇ ನಗಲಿಲ್ಲ ಅವತ್ತು... ಆಗಲೇ ಅಂದ್ಕೊಂಡೆ, ಇರು ಮಗನೇ, ಅಂತ.

ಯಾಕೋ ಗುರಾಯಿಸ್ತೀಯ? ಯಂತ್ರ ತಾನಾಗೇ ಕೆಟ್ಟಿರುತ್ತಪ್ಪ. ಯಂತ್ರ ಅಲ್ವಾ!

...ಸರಿ. ನಾನೇ. ಯಂತ್ರಕ್ಕೆ ಉಚ್ಚಾರ ಕಲಿಸೋಕೆ ನಾನು ಹಾಕೋ ಒತ್ತಿನ ಗುರುತನ್ನೆಲ್ಲ ಪದದ ಬಾಲಕ್ಕೆ ತಳ್ಳಿದೆ. ಒಂದೊಂದು ಪದಾನೂ ಸೊಂಟ ಮುರಿದಿಟ್ಟೆ! ನಾಳೆ ರಾಕೇಶನ್ನ ಮನೆಗೆ ಕಳಿಸ್ತಾರೆ ನೋಡ್ತಿರು, ಹಬ್ಬ ಮಾಡೋಣ!

ಏನಂದೆ? ಹೌದಪ್ಪ, ನಾನು ಗುರುತು ಹಾಕಿದರೆ ಸಾಲದು. ಕೇಳಿ ಒಪ್ಪಿಗೆ ಕೊಡೋನು ನೀನು. ನೀನು ಒಪ್ಪದೆ ಒಂದಕ್ಷರ ಆಚೆ ಹೋಗಲ್ಲ. ಗೊತ್ತು... ಶುಕ್ರವಾರ ನಮಾಜಿಗೆ ಹೋದೆಯಲ್ಲ, ನಿನ್ನ ಕಂಪ್ಯೂಟರ್ ತೆರೆದೇ ಇತ್ತು. 'ನೀನಿದ್ದೀಯಲ್ಲ, ನೋಡ್ಕೋ' ಅಂತ ನೀನೇ ಅಂದೆ. 'ಒಪ್ಪಿಗೆ' ಅಂತಿತ್ತು, ಒತ್ತಿದೆ. ಅಷ್ಟೇ! ಅದರಲ್ಲೇನಿದೆ...

ಏಯ್... ಕರೆದಿದ್ರಾ? ನಿನ್ನನ್ನಾ? ರಾಕೇಶನ್ನ ಅಲ್ವಾ?

ತೆಗೆದೇಬಿಟ್ರಾ?

ಕೆಲಸ ಹೋದರೆ ಈ ದೇಶದಲ್ಲಿರೋ ಪರ್ಮಿಟ್ಟೂ... ನಿನ್ನ ಹೆಂಡತಿ, ಸುಬಿಯಾ, ಮುಂದಿನ ತಿಂಗಳು ಬರೋದಿತ್ತಲ್ಲೋ...

ನನ್ನ ಹೆಸರು ಹೇಳಿದ್ಯಾ?

ಆದಿಲ್. ಹೇಳಿದ್ಯಾ?

...ಹೇಳಲಿಲ್ಲ.

ನಾನೇ ಅಂತ ಮೊದಲೇ ಗೊತ್ತಿತ್ತಾ ನಿನಗೆ? ಇಷ್ಟು ಹೊತ್ತು, ನಾನು ಹಲ್ಲು ಕಿಸೀತಾ ಕೂತಿದ್ದಾಗ... ಗೊತ್ತಿದ್ದೂ...

ಬೈಯೋ! ಅಮ್ಮ ಅಕ್ಕ ಅಂತ ಬಾಯಿಗೆ ಬಂದದ್ದು ಬೈಯೋ! ಕೆನ್ನೆಗೊಂದು ಬಿಡು, ತಗೋ, ಬಿಡು...

ಅದ್ಯಾಕೋ ನನ್ನ ತಟ್ಟೆಗೆ ಅನ್ನ ಹಾಕ್ತಿದ್ದೀಯ?