ಇಪ್ಪತ್ತೈದನೇ ಬಾಗಿಲು ಮತ್ತು ಕುರಿಯ ಕಿವಿ

ಅಧ್ಯಕ್ಷತೆ ವಹಿಸಿರುವ ನಮ್ಮ ಕಂಪನಿಯ ನಿರ್ದೇಶಕರಾದ ಎಸೆನ್‌ಕುಲ್ ಅಣ್ಣನವರೇ, ಇಂದು ನಾವು ಬೀಳ್ಕೊಡಬೇಕಾಗಿರುವ ಬುರುಲ್ ಅಕ್ಕನವರೇ, ಮುಖ್ಯ ಅತಿಥಿಗಳ ಖಾಲಿ ಕುರ್ಚಿಯೇ, ಅದರ ಮುಂದೆ ಹರಿವಾಣದಲ್ಲಿ ಕುಳಿತು ನಮ್ಮನ್ನೇ ದಿಟ್ಟಿಸುತ್ತಿರುವ ಬೇಯಿಸಿದ ಕುರಿತಲೆಯೇ, ಮತ್ತು ಕರಾಕೋಲ್ ಪಟ್ಟಣದ ಹಸಿದ ಸಭಿಕರೇ,

ನಾನು ಈ ಕಚೇರಿಗೆಲ್ಲ ಕಿರಿಯ. ಅಕ್ಕನ ಕುರ್ಚಿಯಲ್ಲಿ ನಾಳೆಯಿಂದ ಕೂರಬೇಕಾದವನು. ಹಾಗಾಗಿ ಅವರನ್ನು ಹೊಗಳುವ ಭಾರ ನನ್ನ ಮೇಲೆಯೇ ಬಿದ್ದಿದೆ. "ಎರಡೇ ಮಾತು ಆಡು, ಎಳೀಬೇಡ" ಎಂದು ಅಣ್ಣನವರ ಅಪ್ಪಣೆಯಾಗಿದೆ. ಮೊದಲನೆಯ ಮಾತು ಸ್ವಲ್ಪ ಉದ್ದವಿದೆ.

ಅಕ್ಕ ಮಾಡಿದ್ದಾದರೂ ಏನು? ಊರಿನ ಅರ್ಧ ಜನರ ಇಮೇಲ್ ಹೊರಡುವುದು ನಮ್ಮ ಸರ್ವರ್‌ನಿಂದ. ಸರ್ವರ್‌ಗೆ ನಂಬರು ಹಾಕಿದ ಬಾಗಿಲುಗಳಿವೆ, ಪೋರ್ಟ್ ಎನ್ನುತ್ತೇವೆ. ಇಪ್ಪತ್ತೈದನೆಯದು ಸರ್ವರ್‌ಗಳು ತಮ್ಮತಮ್ಮಲ್ಲೇ ಟಪಾಲು ಕೊಟ್ಟು ತೆಗೆದುಕೊಳ್ಳಲು. ನಮ್ಮಂಥವರು ಐನೂರ ಎಂಬತ್ತೇಳಕ್ಕೆ ಹೋಗಿ, ಹೆಸರು ಮತ್ತು ಪಾಸ್‌ವರ್ಡ್ ಹೇಳಿ, ಪತ್ರ ಕೊಡಬೇಕು. ಆದರೆ ಬಂದವರ ಹೆಸರು ಕೇಳುವ ಮೊದಲೇ ಚಹಾ ಬಗ್ಗಿಸುವ ಜನ ನಾವು. ಎಲ್ಲರೂ ಇಪ್ಪತ್ತೈದರಲ್ಲೇ ನುಗ್ಗುತ್ತಿದ್ದೆವು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಕ್ಕ ಬಂದರು, ಬಳಕೆದಾರರಿಗೆ ಅದನ್ನು ಮುಚ್ಚಿದರು. ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕು ನಮ್ಮ ಹೆಸರಲ್ಲಿ ಕಸ ಕಳಿಸಿದರೆ, ಹೊರಗಿನ ಸರ್ವರ್‌ಗಳು ಇಡೀ ಊರಿನ ಪತ್ರವನ್ನೇ ವಾಪಸು ಎಸೆಯುತ್ತವಂತೆ.

ಅಣ್ಣನವರು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನನ್ನ ಮನೆಗೆ ನಾನೇ ಹೆಸರು ಹೇಳಿ ಬರಬೇಕೇನಮ್ಮ?"

"ನೀವು ಯಾರು ಅಂತ ನನಗೆ ಗೊತ್ತಣ್ಣ. ನಿಮ್ಮ ಲ್ಯಾಪ್‌ಟಾಪ್ ಒಳಗೆ ಯಾರ್ಯಾರಿದಾರೆ ಅಂತ ನಿಮಗೇ ಗೊತ್ತಿಲ್ಲ."

ಅಣ್ಣನವರು ಏಳು ತಲೆಮಾರಿನ ಹಿರಿಯರ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಎಂಟಕ್ಷರದ ಪಾಸ್‌ವರ್ಡ್ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಹೀಗಾಗಿ ಅವರ ತಾಯಿಯ ಹುಟ್ಟುಹಬ್ಬದ ಔತಣಕ್ಕೆ ಕುಲದವರನ್ನೆಲ್ಲ ಕರೆಯುವುದು ತಡವಾಯಿತು. ನಾರಿನ್ ಊರಿನ ಚಿಕ್ಕಪ್ಪ ಇವತ್ತಿಗೂ ಅಣ್ಣನವರ ಜೊತೆ ಮಾತು ಬಿಟ್ಟಿದ್ದಾರೆ. ಅದಾಗಿ ಒಂದು ವಾರಕ್ಕೆ, ಬುರುಲ್ ಅಕ್ಕ ಬಹಳ ದಣಿದಿದ್ದಾರೆ, ಅವರಿಗೆ ವಿಶ್ರಾಂತಿ ಬೇಕು ಎಂದು ಕಚೇರಿಗೆ ತಿಳಿದುಬಂತು. ಅಕ್ಕನಿಗೂ ಆಗಲೇ ತಿಳಿದದ್ದು.

ಮೊನ್ನೆ ಅಣ್ಣನವರ ಮಾತಿನಂತೆ ಆ ಬಾಗಿಲು ತೆರೆದೆ. ಈ ಸಮಾರಂಭದ ಆಮಂತ್ರಣವನ್ನು ಅವರು ತಮ್ಮ ಲ್ಯಾಪ್‌ಟಾಪ್‌ನಿಂದಲೇ ಕಳಿಸಿದರು. ಅದರಲ್ಲಿ ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ತಂದು ತುಂಬಿದ ಆಟಗಳಿವೆ. ಆಮಂತ್ರಣದ ಹಿಂದೆಯೇ ಆ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಬೋಳುತಲೆಯ ಔಷಧಿಯನ್ನು ಲೋಕಕ್ಕೆಲ್ಲ ಮಾರಲು ಹೊರಟಿತು. ನಿನ್ನೆ ಮಧ್ಯಾಹ್ನದ ಹೊತ್ತಿಗೆ ರಾಜಧಾನಿಯ ಸರ್ವರ್‌ಗಳು ನಮ್ಮ ಪತ್ರ ಮುಟ್ಟುವುದನ್ನೇ ಬಿಟ್ಟವು, ಕಸದ ಜೊತೆ ಆಮಂತ್ರಣವೂ ವಾಪಸು ಬಂತು. ರಾಜಧಾನಿಯಲ್ಲಿರುವ ಮುಖ್ಯ ಅತಿಥಿಗಳಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. "ಯಾವ ಸಮಾರಂಭ? ಯಾವ ಕುರಿ?" ಅಂದರು.

ನಗಬೇಡಿ. ಮೂರನೇ ಸಾಲಿನಲ್ಲಿ ಉಣ್ಣೆಯನ್ನು ತಟ್ಟಿ ಜಮಖಾನ ಮಾಡುವ ಅಕ್ಕಂದಿರು ಕುಳಿತಿದ್ದಾರೆ. ವಿದೇಶದ ವ್ಯಾಪಾರಿಗೆ ಅವರು ಬರೆದ ಒಪ್ಪಿಗೆಯ ಪತ್ರವೂ ವಾಪಸು ಬಂದಿತ್ತು. ಇವತ್ತು ಮುಟ್ಟದಿದ್ದರೆ ಇಡೀ ಚಳಿಗಾಲದ ಕೆಲಸ ಬೇರೆಯವರ ಪಾಲು. ಆ ಪತ್ರ ಒಂದು ಗಂಟೆಯ ಹಿಂದೆ ಹೋಯಿತು. ಕಳಿಸಿದ್ದು ಯಾರು? ಕೆಲಸದ ಕೊನೆಯ ದಿನ, ಬೆಳಗಿನಿಂದ ಹೊರಗಿನ ಸರ್ವರ್‌ಗಳವರಿಗೆಲ್ಲ ಫೋನ್ ಮಾಡಿ ನಮ್ಮ ಪರವಾಗಿ ಬೇಡಿಕೊಂಡದ್ದು ಯಾರು? ಹೌದು, ದಣಿದವರೇ. ಇಪ್ಪತ್ತೈದನ್ನು ಮತ್ತೆ ಮುಚ್ಚಿದವರೂ ಅವರೇ. ಅಣ್ಣ, ಇದನ್ನು ನಿಮಗೆ ಈಗ ತಿಳಿಸುತ್ತಿದ್ದೇನೆ, ಏಕೆಂದರೆ ನೂರು ಜನರ ಎದುರು ನೀವು ನನಗೆ ಹೊಡೆಯುವುದಿಲ್ಲ.

ನಮ್ಮ ಪದ್ಧತಿಯಲ್ಲಿ ಕುರಿತಲೆಯ ಕಿವಿ ಕಿರಿಯರಿಗೆ ಸಲ್ಲಬೇಕು, ಹೇಳಿದ ಮಾತು ಕೇಳಲಿ ಎಂದು. ಕೊಯ್ದು ಕೊಡಬೇಕಾದ ಅತಿಥಿಗಳು ಬಂದಿಲ್ಲವಾದ್ದರಿಂದ ನಾನೇ ಕೊಯ್ದುಕೊಂಡೆ. ಒಂದು ಕಿವಿ ತಿಂದಾಯಿತು. ಮೊನ್ನೆ ಹೇಳಿದ ಮಾತು ಕೇಳಿದವನು ನಾನೇ ತಾನೆ. ಇನ್ನೊಂದನ್ನು, ಅಣ್ಣ, ನಿಮ್ಮ ತಟ್ಟೆಗೆ ಹಾಕುತ್ತಿದ್ದೇನೆ.

ಈಗ ಎರಡನೆಯ ಮಾತು. ಅಕ್ಕ ಇಲ್ಲೇ ಇರಲಿ.

ಇಮೇಲ್ ಮುಟ್ಟದಿದ್ದರೂ ಒಲೆಯ ಹೊಗೆ ನೋಡಿ ಬಂದ ನಿಮಗೆಲ್ಲ ಕೃತಜ್ಞತೆಗಳು. ಮುಖ್ಯ ಅತಿಥಿಗಳ ಕುರ್ಚಿಗೂ ಕೃತಜ್ಞತೆಗಳು. ಅಣ್ಣ ಬಾಯಿ ಒರೆಸಿಕೊಳ್ಳುತ್ತಿದ್ದಾರೆ, ತಟ್ಟೆಯಲ್ಲಿ ಕಿವಿ ಕಾಣುತ್ತಿಲ್ಲ. ಬುರುಲ್ ಅಕ್ಕ, ಆ ಹೂಗುಚ್ಛ ಕೆಳಗಿಡಿ. ಎಲ್ಲರಿಗೂ ನಮಸ್ಕಾರ.