ಸಿನಿಮಾದಲ್ಲಿ ಓಡಿ ಬಂದ ತಮ್ಮ

ತಾಂಡೂರಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮಧ್ಯಾಹ್ನದ ಆಟ ನೋಡಿಕೊಂಡು ಬಂದ ಯಾರೋ ಒಬ್ಬಾಕೆ, ಆಕೆಯ ಮೈದುನ ನನ್ನ ಪಕ್ಕದಲ್ಲೇ ಕೂತರು. ಅವರು ನೋಡಿದ್ದು ಕಲ್ಲುಗಣಿಯ ಕೂಲಿಗಳ ಮುಖಂಡನೊಬ್ಬನ ಕೊಲೆಯ ಸಿನಿಮಾ, ನಡೆದ ಕತೆ. ಸತ್ತವನು ಆಕೆಯ ಗಂಡ ಎಂದು ಮಾತಿನಿಂದಲೇ ತಿಳಿಯಿತು.

“ಶರಣು, ಸಿನಿಮಾದಾಗ ತಮ್ಮ ಬಾಗಿಲು ತೆಗದು, ಕೊಡ್ಲಿ ಹಿಡ್ಕೊಂಡು ಅಣ್ಣನ್ನ ಉಳಸಾಕ ಓಡ್ತಾನ. ಹಂಗ ಯಾಕ ತೋರ್ಸ್ಯಾರ?” ಆಕೆ ಮೈದುನನನ್ನು ಕೇಳಿದಳು.



“ಸಿನಿಮಾದವ್ರು ಕೇಳಾಕ ಬಂದಿದ್ರಲ್ರಿ ವೈನಿ. ನಾನೇ ಹಂಗ ಹೇಳಿದೆ.”

“ನೀ ಅವತ್ತು ಚಿಲಕ ಹಾಕಿದ್ದಿ.”

“ಹಾಕಿದ್ದೆ. ಅಣ್ಣ ಮೂರು ಸಲ ಬಾಗಿಲು ಬಡದ. ತೆಗಿಯಾಕ ನನ್ನ ಕೈ ಏಳಲಿಲ್ಲ.”

“ಆ ಸೀನಿಗೆ ಜನ ಸೀಟಿ ಹೊಡದ್ರು.”

“ಅದಕ್ಕೇ ನಾ ನಡುವ ಎದ್ದು ಹೊರಗ ಹೋದೆ. ಹದಿನೆಂಟು ವರ್ಷ ಆತು, ನೀವು ನನಗ ಒಂದು ದಿನಾನೂ ಬೈಲಿಲ್ಲ.”

“ಯಾವ ಬಾಯಿಲೆ ಬೈಲಿ? ಒಳಗ ನಾನೂ ಇದ್ದೆ. ನಿನ್ನ ಸರಿಸಿ ನಾನರೆ ತೆಗಿಬಹುದಿತ್ತು. ಕೂಸಿನ ಬಾಯಿ ಮುಚ್ಕೊಂಡು ಕುಂತಿದ್ದೆ.”

ಆಕೆ ಅವನ ಕಡೆ ತಿರುಗಿದಳು.

“ಸಿನಿಮಾದಾಗ ನಾ ಅವತ್ತು ಊರಾಗೇ ಇರಲಿಲ್ಲ, ತವರಿಗೆ ಹೋಗಿದ್ದೆ ಅಂತ ಅದ,” ಎಂದಳು.

“ಅದೂ ನಾನೇ ಹೇಳಿದ್ದು, ವೈನಿ. ನಿಮ್ಮ ಮ್ಯಾಲೆ ಯಾರೂ ಬೊಟ್ಟು ಮಾಡಬಾರ್ದಂತ.”

ಜಹೀರಾಬಾದಿನ ಬಸ್ಸು ಬಂತು. ಆಕೆ ಕಣ್ಣೊರೆಸಿಕೊಂಡು ಎದ್ದಳು. ಹತ್ತುವಾಗ ಅವನು ಹಿಡಿದುಕೊಳ್ಳಲೆಂದು ಕೈ ಚಾಚಿದ. ಆಕೆ ಹಿಡಿಯಲಿಲ್ಲ. ಒಳಗೆ ಹೋಗಿ ಒಬ್ಬಳೇ ಕಿಟಕಿಯ ಕಡೆ ಕೂತಳು. ಅವನು ಅವಳ ಹಿಂದಿನ ಸೀಟಿನಲ್ಲಿ ಕೂತ.