ಮೈಕಿನ ಎಂಜಲು

ಬುಡ್ಡಿ ದೀಪ ಸಣ್ಣ ಮಾಡ್ರಿ. ಇನ್ನೂ ಸಣ್ಣ... ಹಾಂ, ಸಾಕು.

ಮೊದಲ ಒಂದು ಮಾತು. ಹೋದ ವರ್ಷ ಲಾಡ್ಜಿನ ಮೆಟ್ಟಿಲ ಮ್ಯಾಲ ಬಿಳಿ ಲುಂಗಿ ತೂಗಿಬಿಟ್ಟು ವಾಚ್‌ಮನ್ ತಾಯಪ್ಪಗ ಮೂರು ದಿನ ಜ್ವರ ಬರಿಸಿದವ ನಾನೇ. ಒಂಬತ್ತನೇ ಕ್ಲಾಸಿನ್ಯಾಗ ಹೆಡ್‌ಮಾಸ್ತರ ಖುರ್ಚಿಗೆ ತುರಿಕಿ ಸೊಪ್ಪು ಸವರಿ ಸಾಲಿ ಬಿಟ್ಟವನೂ ನಾನೇ. ಒಪ್ಪಿಕೋತೀನಿ. ಆದ್ರ ಇದು ನಾ ಮಾಡಿದ್ದಲ್ಲ. ಇಂಥಾದ್ದು ಮಾಡಾಕ ನನಗೂ ಹೇಸಿಗಿ ಬರ್ತೈತಿ. ಭಾಗ್ಯಶ್ರೀ, ನಗಬ್ಯಾಡ. ಆಮ್ಯಾಲ ನೀನೇ ಬಾಯಿ ತೊಳಿಯಾಕ ಓಡ್ತಿ.

ಇದು ಆದದ್ದು ನಮ್ಮ ಮನ್ಯಾಗೇ ಇರೋ ದೊಡ್ಡಪ್ಪನ ಮಗ ವಿಠಲಣ್ಣಗ. ಆಗ ಹೈಟೆಕ್ ಸಿಟಿ ಏಳಾಕತ್ತಿತ್ತು. ನಮ್ಮವ್ವ ಯಂಕಮ್ಮ ಅಲ್ಲಿ ಇಟ್ಟಂಗಿ ಹೊರತಿದ್ಲು. ವಿಠಲಣ್ಣ ಅಲ್ಲಿಯ ಕಂಪ್ಯೂಟರ್ ಮಂದಿಗೆ ಶನಿವಾರಕ್ಕೊಮ್ಮೆ ಅಬಿಡ್ಸ್ ಪ್ಯಾಟಿಯ ಹೋಟೆಲಿನ್ಯಾಗ ಇಂಗ್ಲಿಷ್ ಹಾಡು ಹಾಡತಿದ್ದ. ಪಾಪ್, ರಾಕ್ ಅಂಡ್ ರೋಲ್. ಇಂಗ್ಲಿಷ್ ಒಂದಕ್ಷರ ಬರತಿರಲಿಲ್ಲ. ಕೇಳಿ ಕೇಳಿ ನೋಟಬುಕ್ಕಿನ್ಯಾಗ ಕನ್ನಡ ಅಕ್ಷರದಾಗ ಬರಕೊಂಡು, ಸೊಂಟ ತಿರುವಿ ಹಾಡೋದು. ಏಪ್ರಿಲ್ ಬಿಸಲಾಗೂ ಮೈಮ್ಯಾಲ ರೆಕ್ಸಿನ್ ಜಾಕೆಟ್. ಬಿಚ್ಚಿದ್ರ ಸತ್ತ ಹೆಗ್ಗಣದ ವಾಸನಿ.

ಅಬಿಡ್ಸಿನ ಕ್ಯಾಸೆಟ್ ಅಂಗಡಿ ಅಂಬಣ್ಣ ಒಂದಿನ ಅವನ್ನ ಕರದ.

"ಆರ್ಥರ್ ಸಾಬ ಅಂತ ಒಬ್ಬ ಇದ್ದ. ನೀ ಹಾಡೋ ಹೋಟೆಲಿನ್ಯಾಗೇ ಹಾಡತಿದ್ದ. ಅವನ ಹತ್ತು ಹಾಡು ನೀ ಹಾಡು. ಆಲ್ಬಂ ತರತೀನಿ, ಮ್ಯಾಲ ನಿನ್ನ ಫೋಟೋ. ಆದ್ರ ಕೇಳಿದವ ಆರ್ಥರ್ ಸಾಬ ಎದ್ದು ಬಂದ ಅನಬೇಕು. ಮೂರು ರಾತ್ರಿ ಕೊಡತೀನಿ. ಆಗಲಿಲ್ಲಂದ್ರ ಆ ಸಾಫ್ಟ್‌ವೇರ್ ಹುಡುಗ ಮನೋಜ ತಯಾರ ಅದಾನ."

ಹನ್ನೆರಡು ವರ್ಷ ಕುಡುಕರ ಮುಂದ ಹಾಡಿದವಗ ತನ್ನ ಮುಖ ಇರೋ ಕ್ಯಾಸೆಟ್ ಒಂದು ಬೇಕಾಗಿತ್ತು. ಒಂದೇ ಒಂದು. ಮನಿಗೆ ಬಂದು ಕುಣಿದಾಡಿದ.

"ಒಬ್ಬ ಹಾಡಿ ಬಿಟ್ಟದ್ದು ಇನ್ನೊಬ್ಬ ಹಾಡೋದು ಅಂದ್ರ ಎಂಜಲ ಅಲ್ಲೇನೋ?" ಅಂದ್ಲು ನಮ್ಮವ್ವ.

"ಚಿಗವ್ವಾ, ಅದಕ್ಕ ಕವರ್ ಅಂತಾರ."

"ಏನರ ಅನ್ನಲಿ. ಎಂಜಲ ಎಂಜಲಾನೇ."

ನಮ್ಮ ಮನ್ಯಾಗ ತಂಬಿಗಿಗೆ ತುಟಿ ಹಚ್ಚಿದ್ರ ಬೆನ್ನಿಗೆ ಗುದ್ದು ಬೀಳ್ತೈತಿ. ಎತ್ತಿ ಕುಡೀಬೇಕು. ವಿಠಲಣ್ಣ ನಮ್ಮವ್ವನಕಿಂತ ಒಂದು ಕೈ ಜಾಸ್ತಿ. ಹೋಟೆಲಿನ ಚಾನೂ ಎತ್ತಿ ಕುಡದು ಮೂಗಿನ್ಯಾಗ ಹೊಯ್ಕೊಳ್ಳೋ ಮನಿಶಾ.

ಸ್ಟುಡಿಯೋ ಇಲ್ಲೇ ಕಾಚಿಗೂಡದಾಗ, ಖಾರದಪುಡಿ ಗಿರಣಿ ಮ್ಯಾಲ. ಹಗಲೆಲ್ಲಾ ಗಿರಣಿ ಗರ್ರ್ ಅಂತೈತಿ. ಅದಕ್ಕ ರಾತ್ರಿನೇ ಕೆಲಸ. ರೆಕಾರ್ಡಿಂಗ್ ಮಾಡಾವ ಸಾಯಿಕುಮಾರ, ರಾಯಚೂರ ಕಡೆಯವ. ಮೈಕು ಮಾತ್ರ ಆರ್ಥರ್ ಸಾಬ ಬಿಟ್ಟುಹೋದದ್ದು. ಅದರ ಮ್ಯಾಲ ಸ್ಪಂಜಿನ ಟೊಪಗಿ. ಒಂದಾನೊಂದು ಕಾಲಕ್ಕ ಕರೀದು. ಈಗ ಕಂದು ಬಣ್ಣಕ್ಕ ತಿರುಗಿ, ಹುಣ್ಣಿನ ಹಕ್ಕಳಿ ಹಂಗ ಬಿರುಸು.

"ಏನಪಾ ಇದು, ಹೇಸಿಗಿ?" ಅಂದ ವಿಠಲಣ್ಣ.

"ಸಾಬರು ಗಲ್ಲದಾಗ ಜರ್ದಾ ಪಾನ್ ಇಟಗೊಂಡೇ ಹಾಡತಿದ್ರಣ್ಣಾ. ಕಡೀಕ ಬಾಯಿ ಕೊಳತೇ ಸತ್ರು. ಹದಿನೈದು ವರ್ಷ ಆತು. ಯಾರೂ ತೊಳದಿಲ್ಲ. ಸೌಂಡ್ ಬದಲಾಗ್ತೈತಿ ಅಂತಾರ."

ಒಮ್ಮೆ ಮೂಸಿ ಮೂಗು ಮುಚ್ಚಿಕೊಂಡ. ವಿಠಲಣ್ಣ ಅದರ ಮ್ಯಾಲ ತನ್ನ ಕರ್ಚೀಪ ಹಾಕಿ, ಒಂದು ಗೇಣು ದೂರ ನಿಂತು ಹಾಡಿದ.

ಮೊದಲ ರಾತ್ರಿ. ಒಂದೂವರಿ. ಒಬ್ಬನೇ ಮನಿಗೆ ಹೊಂಟಿದ್ದ. ಟೇಶನ್ ಹಿಂದ ಕಬ್ಬಿಣ ಜಾಳಿಗಿ ಮುಚ್ಚಿದ ಬಾವಿ ಐತಲ್ಲ, ಆಲದಗಿಡದ ಕೆಳಗ? ಅಲ್ಲಿಗೆ ಬಂದಾಗ ಹಿಂದ ಒಂದು ಸಪ್ಪಳ.

ಖ್ರ್ರ್ರ್ರ್...

ಯಾರೋ ಗಂಟಲ ತಳದಿಂದ ಕಫ ಎಳಿಯಾಕತ್ತಂಗ. ನಿಧಾನಕ್ಕ. ಎಳದು... ಬಾಯಾಗ ಹೊಳ್ಳಿಸಿ...

ಥೂ!

ಜಾಳಿಗಿಗೆ ಪಚಕ್ ಅಂತ ಬಡೀತು. ಒಂದು ಕ್ಷಣ ಬಿಟ್ಟು, ಬಾವಿ ತಳದಾಗ... ಟುಳುಕ್.

ತಿರುಗಿ ನೋಡಿದ್ರ ಯಾರೂ ಇಲ್ಲ. ಚಪ್ಪಲ ಕೈಯಾಗ ಹಿಡಕೊಂಡು ಓಡಿ ಬಂದ. ನಾನು ಹೊಟ್ಟಿ ಹಿಡಕೊಂಡು ನಕ್ಕೆ. ಮರುದಿನ ಓಣಿ ಹುಡುಗರ ಮುಂದ ಖ್ರ್ರ್ರ್ ಥೂ ಅಂತ ಮಾಡಿ ತೋರಿಸಿದೆ. ಈಗ ಮಾಡಂಗಿಲ್ಲ. ಯಾರೂ ಕೇಳಬ್ಯಾಡ್ರಿ.

ಎರಡನೇ ರಾತ್ರಿ ಟೇಪ್ ಹಚ್ಚಿ ಕೇಳಿದ್ರು. ಹಾಡು ಮುಗೀತು. ಗಿಟಾರ್ ನಿಂತಿತು. ಆಮ್ಯಾಲ...

ಖ್ರ್ರ್ರ್ರ್... ಥೂ!

ಎರಡನೇ ಹಾಡಿನ ಕಡೀಕೂ ಅದೇ. ಮೂರನೇದಕ್ಕೂ ಅದೇ.

"ನೀ ಉಗುಳಿದೇನಪಾ?" ವಿಠಲಣ್ಣ ಪಿಸುಗುಟ್ಟಿದ.

"ನಾ ಗಾಜಿನ ಈಚೆ ಕುಂತೀನಿ. ನನ್ನ ಹತ್ರ ಮೈಕೆಲ್ಲೈತಣ್ಣಾ?"

ಅಳಿಸಿ ಮತ್ತ ಹಾಡಿದ. ಮತ್ತ ಥೂ. ಕೆಟ್ಟ ಅಡಿಗಿ ಬಾಯಿಗಿಟ್ಟವ ಉಗುಳಿದಂಗ. ಸತ್ತವಗೂ ಇವನ ಹಾಡು ಕೇಳಿ ಹೇಸಿಗಿ ಆಗಾಕತ್ತಿತ್ತು ನೋಡ್ರಿ.

ಮೂರನೇ ರಾತ್ರಿ ಅಂಬಣ್ಣನೇ ಬಂದ. ಒಂದು ಹಾಡು ಕೇಳಿ ಎದ್ದ.

"ಹಾಡು ಬಂತು, ಆರ್ಥರ್ ಬರಲಿಲ್ಲ. ಮುಂಜಾನೆ ಮನೋಜಗ ಫೋನ್ ಮಾಡತೀನಿ."

"ಮುಂಜಾನೆತನಕ ಟೈಮ್ ಐತಲ್ರಿ..." ವಿಠಲಣ್ಣ ಅವನ ಕೈ ಹಿಡಕೊಂಡ. ಅಂಬಣ್ಣ ಕೈ ಬಿಡಿಸಿಕೊಂಡು ಮೆಟ್ಟಿಲ ಇಳದ.

ಸಾಯಿಕುಮಾರ ಟೇಪ್ ಹಿಂದಕ್ಕ ತಿರುವಿದ. ಆಮ್ಯಾಲ ಮೆಲ್ಲಕ ಅಂದ.

"ಅಣ್ಣಾ... ಸಾಬರು ದೂರ ನಿಂದರತಿರಲಿಲ್ಲ."

"ಮತ್ತ?"

"ಸ್ಪಂಜಿಗೆ ತುಟಿ ಹಚ್ಚೇ ಹಾಡತಿದ್ರು."

ವಿಠಲಣ್ಣ ಅದನ್ನೇ ನೋಡಿಕೋತ ಕುಂತ. ಕಸಿವಿಸಿ. ಬಾಯಾಗ ಉಗುಳು ತುಂಬಿ ಬರಾಕತ್ತಿತಂತ. ಆಮ್ಯಾಲ ಎದ್ದ. ಕರ್ಚೀಪ ತಗದ. ಕಣ್ಣು ಮುಚ್ಚಿದ. ತುಟಿ ಹಚ್ಚಿದ.

ಬಿರುಸು ಇತ್ತು... ಮೊದಲ. ಎರಡನೇ ಸಾಲಿಗೆ ಮೆತ್ತಗಾತು. ಮೂರನೇ ಸಾಲಿಗೆ ಹಸಿ. ಬೆಚ್ಚಗ. ಮ್ಯಾಲ ಗುಲ್ಕಂದಿನ ಸಿಹಿ, ಅದರ ಕೆಳಗ ಕೊಳತ ಹಲ್ಲಿನ ನಾತ. ತುಟಿ ಬಿಡಿಸಿಕೊಳ್ಳಾಕ ನೋಡಿದ. ಬರಲಿಲ್ಲ. ಹಾಡು ಮಾತ್ರ ಬರಾಕತ್ತಿತ್ತು. ನೋಟಬುಕ್ ಮುಚ್ಚೇ ಇತ್ತು. ಹತ್ತು ಹಾಡು, ಒಂದೂ ತಡವರಿಸದಂಗ, ಬೆಳಗಿನ ನಾಲ್ಕರತನಕ. ಥೇಟ್ ಸಾಬರ ಆ ಇಂಗ್ಲಿಷ್ ಕೇಳಿ ಗಾಜಿನ ಈಚೆ ಸಾಯಿಕುಮಾರ ಖುರ್ಚಿ ಬಾಗಿಲ ಕಡೆ ಸರಿಸಿಕೊಂಡ.

ಟೇಪ್ ಹಚ್ಚಿ ಕೇಳಿದ್ರ ಎಲ್ಲೂ ಥೂ ಇಲ್ಲ. ಒಂದೂ ಇಲ್ಲ. ಹತ್ತನೇ ಹಾಡಿನ ಕಡೀಕ ಒಂದೇ ಸಪ್ಪಳ...

ಗುಟುಕ್.

ಯಾರೋ ನುಂಗಿದಂಗ.

"ನಾ ನುಂಗಿಲ್ಲೋ," ಅಂತ ಆಣಿ ಮಾಡ್ತಾನ ವಿಠಲಣ್ಣ. "ನನ್ನ ಬಾಯಿ ಮುಚ್ಚಾಕ ಬರತಿರಲಿಲ್ಲ, ಹೆಂಗ ನುಂಗಲಿ?"

ಕ್ಯಾಸೆಟ್ ಬಂತು. ಮ್ಯಾಲ ಅವಂದೇ ಫೋಟೋ, ರೆಕ್ಸಿನ್ ಜಾಕೆಟ್ ಸಮೇತ. ಅಬಿಡ್ಸಿನ ಮುದುಕರು ಅಂಗಡಿ ಮುಂದ ನಿಂತು ಕೇಳಿ ಕಣ್ಣೀರು ಒರಸಿಕೊಂಡ್ರು. ಮನೋಜನೂ ಬಂದು ಕೈ ಕುಲುಕಿ ಹೋದ. ನಮ್ಮ ಮನ್ಯಾಗ ಮಾತ್ರ ಅದನ್ನ ಒಮ್ಮೆನೂ ಹಚ್ಚಿಲ್ಲ. ವಿಠಲಣ್ಣ ಹಚ್ಚಗೊಡೂದಿಲ್ಲ.

ಈಗ ಅವ ತಂಬಿಗಿಗೆ ತುಟಿ ಹಚ್ಚೇ ಕುಡೀತಾನ. ನಮ್ಮವ್ವ ಗುದ್ದೂದಿಲ್ಲ. ಅವಗಂತ ಬ್ಯಾರೆ ತಂಬಿಗಿ ಇಟ್ಟಾಳ, ಅದನ್ನ ಬೂದಿ ಹಚ್ಚಿ ತಿಕ್ಕತಾಳ, ಅಷ್ಟೇ.

ನಂಬೂದಿಲ್ಲ ಅಂತೀರಿ, ಗೊತ್ತೈತಿ. ನಾನೂ ನಂಬಿರಲಿಲ್ಲ. ಅವ ಹುಟ್ಟಿದಾಗಿಂದ ಒಂದು ಎಲಿ ತಿಂದವನಲ್ಲ, ಅಡಿಕಿ ಕಂಡ್ರ ಮುಖ ಕಿವಚತಾನ. ಜಾಕೆಟ್, ತೆಲಿದಿಂಬು, ಪ್ಯಾಂಟಿನ ಕಿಸೆ, ಎಲ್ಲಾ ಹುಡಿಕೀನಿ. ಏನೂ ಸಿಗಲಿಲ್ಲ. ಅವ್ವನಾಣಿ, ಇದರಾಗ ನನ್ನ ಕೈಯಿಲ್ಲ. ಬೇಕಾದ್ರ ನಾಳೆ ಆರಕ್ಕ ನಳದ ಹತ್ರ ಬರ್ರಿ, ಅವ ಹಲ್ಲುಜ್ಜೂ ಹೊತ್ತಿಗೆ.

ಉಗುಳಿದ ನೊರಿ ಕೆಂಪಗ ಇರ್ತೈತಿ. ಅದರಾಗ ಸಣ್ಣ ಸಣ್ಣ ಅಡಿಕಿ ಚೂರು.